ತರಕಾರಿ ಬಿಟ್ಟು ಕೊಸರು ತಂದವರು

ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡ 2025ರ ಸೀಸನ್ ಮುಗಿಸಿತು. 81 ಗೆಲುವು, 81 ಸೋಲು. ನಗಬೇಡಿ, ಇದು ಪ್ರಗತಿ. 2023ರಲ್ಲಿ 79 ಪಂದ್ಯ ಗೆದ್ದಿದ್ದರು, 2024ರಲ್ಲಿ 80, 2025ರಲ್ಲಿ 81. ವರ್ಷಕ್ಕೊಂದು ಗೆಲುವು ಜಾಸ್ತಿ, ಸರ್ಕಾರಿ ನೌಕರರ ಇನ್‌ಕ್ರಿಮೆಂಟ್ ಥರ, ತಪ್ಪದೆ. ಇದೇ ಲೆಕ್ಕದಲ್ಲಿ ಹೋದರೆ 2034ಕ್ಕೆ 90 ಗೆಲುವು ಗ್ಯಾರಂಟಿ. ಅಷ್ಟು ಹೊತ್ತಿಗೆ ನನಗೆ ಮಂಡಿ ನೋವು ಬಂದು ಸ್ಟೇಡಿಯಂ ಮೆಟ್ಟಿಲು ಹತ್ತೋಕೆ ಆಗುವುದಿಲ್ಲ, ಅದು ಬೇರೆ ವಿಷಯ. (2022ರಲ್ಲೂ 81-81 ಇತ್ತಲ್ವಾ ಅಂತ ಯಾರಾದರೂ ನೆನಪಿಸಿದರೆ ಅವರ ಜೊತೆ ಮಾತು ಬಿಡುತ್ತೇನೆ.)

ಮ್ಯಾನೇಜರ್ ಬಾಬ್ ಮೆಲ್ವಿನ್ ಅವರನ್ನು ಮನೆಗೆ ಕಳಿಸಿದ್ದಾಯಿತು. ಅವರ ಜಾಗಕ್ಕೆ ಟೆನೆಸಿಯ ಕಾಲೇಜು ತಂಡದ ಕೋಚ್ ಟೋನಿ ವೈಟೆಲ್ಲೋ ಬಂದಿದ್ದಾರೆ. ಎಲ್ಲರೂ ಮುಂದಿನದರ ಮಾತಾಡುತ್ತಿದ್ದಾರೆ. ನಾನು ಮಾತ್ರ ಇನ್ನೂ 2023ರ ಆಗಸ್ಟ್ 1ರ ಮಧ್ಯಾಹ್ನ ಮೂರು ಗಂಟೆಯಲ್ಲೇ ಕೂತಿದ್ದೇನೆ.

ಆವತ್ತು ಮೈಸೂರಿಂದ ಬಂದಿದ್ದ ಅಪ್ಪ ಸೋಫಾ ಮೇಲೆ ಚುರುಮುರಿ ತಿನ್ನುತ್ತಾ ಕೂತಿದ್ದರು. ನಾನು ಊಟದ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು, ಮೀಟಿಂಗ್‌ನಲ್ಲಿ ಮ್ಯೂಟ್ ಆಗಿ, ಫೋನನ್ನು ಹೆಬ್ಬೆರಳಲ್ಲಿ ಎಳೆದೂ ಎಳೆದೂ ರಿಫ್ರೆಶ್ ಮಾಡುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಟ್ಟೆ ಕೆಳಗಿಟ್ಟರು.

"ಯಾರಿಗಾದ್ರೂ ಹುಷಾರಿಲ್ವೇನೋ?"

ಅವರು ನನ್ನ ಮುಖವನ್ನು ಹಾಗೆ ನೋಡಿದ್ದು ಸಿಇಟಿ ರಿಸಲ್ಟಿನ ದಿನ ಮಾತ್ರ. ವಿವರಿಸಿದೆ. ಬೇಸ್‌ಬಾಲ್‌ನಲ್ಲಿ ಸೀಸನ್ ನಡುವೆಯೇ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಅದಕ್ಕೊಂದು ಕಡೇ ದಿನ ಇರುತ್ತದೆ. ಗೆಲ್ಲೋ ತಂಡದವರು ಮುಂದೆ ಬೆಳೆಯುವ ಹುಡುಗರನ್ನು ಕೊಟ್ಟು ಈಗ ಆಡುವವರನ್ನು ತರುತ್ತಾರೆ, ಸೋಲೋ ತಂಡದವರು ಇರುವವರನ್ನು ಮಾರಿ ಹುಡುಗರನ್ನು ಕೂಡಿಹಾಕಿಕೊಳ್ಳುತ್ತಾರೆ. ಇಲ್ಲಿನ ಟೈಮಿಗೆ ಮಧ್ಯಾಹ್ನ ಮೂರಕ್ಕೆ ಬಾಗಿಲು ಬಂದ್.

"ಸಂತೆ ಅನ್ನು."

"ಹೂಂ, ಸಂತೆ."

"ನಿಮ್ಮವರು ಏನು ತಗೊಂಡ್ರು?"

ಏನಂತ ಹೇಳಲಿ. ನಮ್ಮವರು ಡಿವಿಷನ್‌ನಲ್ಲಿ, ಅಂದರೆ ತಮ್ಮ ಗುಂಪಿನ ತಂಡಗಳಲ್ಲಿ, ಎರಡನೇ ಜಾಗದಲ್ಲಿದ್ದರು, ಮೊದಲನೇ ಜಾಗದ ಡಾಡ್ಜರ್ಸ್ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದರು. ತರಬೇಕಾದ್ದು ಬೇಕಾದಷ್ಟಿತ್ತು. ತಂದಿದ್ದು ಹಿಂದಿನ ದಿನ, ಸಿಯಾಟಲ್ ಮ್ಯಾರಿನರ್ಸ್‌ನಿಂದ, ಎ.ಜೆ. ಪೋಲಕ್ ಮತ್ತು ಮಾರ್ಕ್ ಮಥಾಯಸ್. ಪೋಲಕ್‌ಗೆ 35 ವರ್ಷ, ಆ ವರ್ಷದ ಬ್ಯಾಟಿಂಗ್ ಸರಾಸರಿ .173. ಅಂದರೆ ನೂರು ಸಲ ಪ್ರಯತ್ನ ಪಟ್ಟರೆ ಹದಿನೇಳು ಸಲ ಹಿಟ್. ಬದಲಿಗೆ ಏನು ಕೊಟ್ಟರು ಅಂದರೆ, "ಒಬ್ಬ ಆಟಗಾರ, ಹೆಸರು ಆಮೇಲೆ ಹೇಳ್ತೀವಿ, ಇಲ್ಲಾಂದ್ರೆ ಸ್ವಲ್ಪ ದುಡ್ಡು." ಕಡೇ ದಿನ ಏನೂ ಇಲ್ಲ. ಮೂರು ಗಂಟೆ ಹೊಡೆಯಿತು, ಮುಗಿಯಿತು.

ಅಪ್ಪ ಎಲ್ಲ ಕೇಳಿಸಿಕೊಂಡು, "ಇದು ಕೊಸರಲ್ವೇನೋ? ತರಕಾರಿ ಎಲ್ಲಿ?" ಅಂದರು.

ಬೇಸ್‌ಬಾಲಿಗೆ ಎಷ್ಟೋ ವಿಶ್ಲೇಷಕರಿದ್ದಾರೆ. ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಾಣೆ. ದೇವರಾಜ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ಅನುಭವ ಅದು. ಎರಡು ಕೆಜಿ ಬೀನ್ಸ್ ತಗೊಂಡವನಿಗೆ ಎರಡು ಎಳೆ ಕರಿಬೇವು ಹಾಕುತ್ತಾರೆ. ಬೀನ್ಸ್ ತಗೊಳ್ಳದೆ ಬರೀ ಕರಿಬೇವು ಕೇಳೋಕೆ ಹೋದರೆ ಆ ತರಕಾರಿ ಹೆಂಗಸು ಕಣ್ಣಲ್ಲೇ ಸುಟ್ಟುಬಿಡುತ್ತಾಳೆ. ನಮ್ಮ ತಂಡ ಅದನ್ನೇ ಮಾಡಿ, ಬ್ಯಾಗು ಬೀಸಿಕೊಂಡು ಮನೆಗೆ ಬಂತು. ಆಗ ಖರೀದಿ ಉಸ್ತುವಾರಿ ಫರ್ಹಾನ್ ಝೈದಿ ಅವರದು. ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್. ಅರ್ಥಶಾಸ್ತ್ರ ಓದಿದವರನ್ನು ಸಂತೆಗೆ ಕಳಿಸಬಾರದು ಅಂತ ನಮ್ಮಜ್ಜಿಗೂ ಗೊತ್ತಿತ್ತು. ಅವರು ಬೆಲೆ ಕೇಳುತ್ತಾರೆ, ಜಾಸ್ತಿ ಆಯ್ತು ಅಂತ ಸಾಬೀತು ಮಾಡುತ್ತಾರೆ, ಖಾಲಿ ಕೈಯಲ್ಲಿ ಬರುತ್ತಾರೆ. ರಾತ್ರಿ ಸಾರಿಗೆ ಏನು ಹಾಕೋದು?

ಅದಕ್ಕೂ ಹಿಂದಿನ ಚಳಿಗಾಲದ ಕಥೆ ಬೇರೆ. ದೊಡ್ಡ ಹೊಡೆತಗಾರ ಆರನ್ ಜಡ್ಜ್ ಜೈಂಟ್ಸ್‌ಗೇ ಬರುವ ಹಾಗಿದೆ ಅಂತ ಒಬ್ಬ ಪತ್ರಕರ್ತರು ಟ್ವೀಟ್ ಮಾಡಿದರು. ಅವಸರದಲ್ಲಿ ಆರನ್ ಹೋಗಿ ಆರ್ಸನ್ ಆಗಿತ್ತು, ಅಂದರೆ ಬೆಂಕಿ ಹಚ್ಚುವ ಜಡ್ಜ್. ಕೆಲವೇ ನಿಮಿಷದಲ್ಲಿ ಟ್ವೀಟೂ ಮಾಯ, ಜಡ್ಜೂ ಮಾಯ. ಆತ 36 ಕೋಟಿ ಡಾಲರಿಗೆ ತಮ್ಮ ಹಳೇ ತಂಡ ಯಾಂಕೀಸ್‌ನಲ್ಲೇ ಉಳಿದರು. ಬೆಂಕಿ ಹತ್ತಿದ್ದು ನಮಗೆ. ಸರಿ, ಇನ್ನೊಂದು ಸಂಬಂಧ ನೋಡಿದರು. ಕಾರ್ಲೋಸ್ ಕೊರಿಯಾ, 13 ವರ್ಷ, 35 ಕೋಟಿ. ನಿಶ್ಚಿತಾರ್ಥ ಆಗಿ, ಛತ್ರ ಬುಕ್ಕಾಗಿ, ವಾಲಗದವರು ಬಂದು ಕೂತ ಮೇಲೆ ಹುಡುಗನ ಕಣಕಾಲಲ್ಲಿ ದೋಷ ಇದೆ ಅಂದರು. ಪತ್ರಿಕಾಗೋಷ್ಠಿಯನ್ನು ಅದೇ ದಿನ ಬೆಳಿಗ್ಗೆ ಮುಂದೂಡಿದರು, ಆ ಮುಹೂರ್ತ ಆಮೇಲೆ ಬರಲೇ ಇಲ್ಲ. ಹುಡುಗ ಮೆಟ್ಸ್ ತಂಡದ ಮನೆಗೆ ಹೋದ, ಅವರೂ ಅದೇ ಕಣಕಾಲು ನೋಡಿ ಹಿಂದೆ ಸರಿದರು, ಕೊನೆಗೆ ಮಿನೆಸೋಟಾದಲ್ಲಿ ಧಾರೆ ಎರೆದರು. ಅಂದರೆ ಆ ಒಂದು ಸಲ ನಮ್ಮವರ ಅನುಮಾನ ಸುಳ್ಳಾಗಿರಲಿಲ್ಲ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ.

ಮತ್ತೆ ಸಂತೆಗೆ ಬರೋಣ. ನಾವು ಪೋಲಕ್ ಅವರನ್ನು ತಂದ ಅದೇ ದಿನ, ಅದೇ ಅಂಗಡಿಗೆ, ನಮ್ಮ ಡಿವಿಷನ್ನಿನ ಆರಿಜೋನಾ ಡೈಮಂಡ್‌ಬ್ಯಾಕ್ಸ್ ಕೂಡ ಹೋಗಿತ್ತು. ಅವರು ಮೂವರು ಆಟಗಾರರನ್ನು ಕೊಟ್ಟು ಪಾಲ್ ಸೀವಾಲ್ಡ್ ಎಂಬ ಕ್ಲೋಸರ್‌ನನ್ನು ತಂದರು. ಕೊನೇ ಇನಿಂಗ್ಸಿನಲ್ಲಿ ಬಂದು ಆಟ ಮುಗಿಸುವವನು, ಅಪ್ಪನ ಭಾಷೆಯಲ್ಲಿ ಬೀನ್ಸ್. ಅವರು ಗೆದ್ದಿದ್ದು ಎಷ್ಟು? 84. ನಮಗಿಂತ ಐದೇ ಐದು ಜಾಸ್ತಿ. ಆ 84 ಇಟ್ಟುಕೊಂಡು ಪ್ಲೇಆಫ್‌ಗೆ ನುಗ್ಗಿ, ಡಾಡ್ಜರ್ಸ್‌ಗೆ ಒಂದೂ ಪಂದ್ಯ ಬಿಟ್ಟುಕೊಡದೆ ಮನೆಗೆ ಕಳಿಸಿ, ವರ್ಲ್ಡ್ ಸೀರೀಸ್ ಆಡಿದರು. ಅಲ್ಲಿ ಅವರನ್ನು ಸೋಲಿಸಿದ್ದು ಟೆಕ್ಸಸ್ ರೇಂಜರ್ಸ್. ಅದೇ ಸಂತೆಯಲ್ಲಿ ಮ್ಯಾಕ್ಸ್ ಶರ್ಜರ್, ಜೋರ್ಡನ್ ಮಾಂಟ್‌ಗೊಮೆರಿ, ಚೆಂಡು ಎಸೆಯುವ ಇಬ್ಬರನ್ನೂ ಹೊತ್ತುಕೊಂಡು ಹೋದವರು. ರೇಂಜರ್ಸ್ ಮ್ಯಾನೇಜರ್ ಯಾರು? ಬ್ರೂಸ್ ಬೋಚಿ. 2010, 2012, 2014ರಲ್ಲಿ ನಮಗೆ ಮೂರು ಕಪ್ ಗೆದ್ದುಕೊಟ್ಟ ನಮ್ಮದೇ ಬೋಚಿ. ಆ ಫೈನಲ್ ನೋಡುವಾಗ ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿತ್ತು.

ನಮ್ಮ ಪೋಲಕ್? ಬೆರಳೆಣಿಕೆಯಷ್ಟು ಪಂದ್ಯ ಆಡಿದರು. ಹಿಟ್ ಒಂದೂ ಇಲ್ಲ. ಅವರನ್ನು ಬೈಯುವುದು ತಪ್ಪು. ಕರಿಬೇವನ್ನು ಯಾಕೆ ಪಲ್ಯ ಆಗಲಿಲ್ಲ ಅಂತ ಕೇಳುತ್ತಾರಾ?

ಝೈದಿ ಅವರ ಕಾಲದಲ್ಲೇ 2021ರಲ್ಲಿ 107 ಪಂದ್ಯ ಗೆದ್ದಿದ್ದರು, ಅದು ತಂಡದ ದಾಖಲೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಸೋತರೆ ನನಗೆ ಬೇಜಾರಿಲ್ಲ. ನಾನು ಆರ್‌ಸಿಬಿ ಅಭಿಮಾನಿ, ಹದಿನೆಂಟನೇ ಸೀಸನ್ನಿಗೆ ಕಪ್ ನೋಡಿದವನು, ಸೋಲೋದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆರ್‌ಸಿಬಿ ಸೋಲುವಾಗಲೂ ಗೆಲ್ಲೋಕೆ ಹೊರಟು ಸೋಲುತ್ತಿತ್ತು. ಇವರು ಅಡ್ಡಗೋಡೆ ಮೇಲೆ ದೀಪ ಇಡುತ್ತಾರೆ. ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ, ಸೆಪ್ಟೆಂಬರ್‌ವರೆಗೆ ಜನ ಟಿಕೆಟ್ ತಗೊಳ್ಳುವಷ್ಟು ಆಸೆ ಉಳಿಸುತ್ತಾರೆ, ಅಷ್ಟೇ. ನಾನು ಮಗಳನ್ನು ಕರೆದುಕೊಂಡು, ಆ ಚಳಿಗಾಳಿಯಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ಹೋಗಿ ಕೂರುತ್ತೇನೆ. ಅವಳು "ಅಪ್ಪ, ಈ ವರ್ಷ ಗೆಲ್ತಾರಾ?" ಅಂತ ಕೇಳುತ್ತಾಳೆ. ಗೆಲ್ಲಬೇಕು ಅಂತ ಅವರಿಗೇ ಇಲ್ಲ ಮಗಳೇ ಅಂತ ಎಂಟು ವರ್ಷದ ಮಗುವಿಗೆ ಹೇಗೆ ಹೇಳೋದು? ಸಾಕಾಗಿದೆ.

2024ರಲ್ಲಿ ಚೆಂಡು ಎಸೆಯುವ ಬ್ಲೇಕ್ ಸ್ನೆಲ್‌ರನ್ನು ಮಾರದೆ ಇಟ್ಟುಕೊಂಡರು. ಡೆಡ್‌ಲೈನ್ ಮುಗಿದು ಮೂರೇ ದಿನಕ್ಕೆ ಆತ ನೋ-ಹಿಟ್ಟರ್ ಎಸೆದರು, ಅಂದರೆ ಎದುರಾಳಿಗೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಇಲ್ಲ. ನಾವು ಕುಣಿದೆವು. ಚಳಿಗಾಲ ಬಂತು, ಆತ ಡಾಡ್ಜರ್ಸ್ ಸೇರಿದರು, 2025ರಲ್ಲಿ ಅಲ್ಲಿ ಕಪ್ಪನ್ನೂ ಎತ್ತಿದರು. ಝೈದಿ ಆದಮೇಲೆ ಉಸ್ತುವಾರಿ ಹಿಂದೆ ನಮ್ಮಲ್ಲೇ ಆಡಿದ ಬಸ್ಟರ್ ಪೋಸಿ ಅವರದು, ಅವರ ಮೇಲೆ ನನಗೆ ಪ್ರೀತಿ ಜಾಸ್ತಿ, ಹಾಗಾಗಿ ಕಮ್ಮಿ ಬೈಯುತ್ತೇನೆ. 2025ರ ಜೂನ್‌ನಲ್ಲಿ ಹೊಡೆತಗಾರ ರಫೇಲ್ ಡೆವರ್ಸ್‌ರನ್ನು ತಂದು ಊರಿಗೆಲ್ಲ ಊಟ ಹಾಕಿಸಿದರು. ಜುಲೈ ಕೊನೆಗೆ ನಮ್ಮ ಆಟಗಾರರಾದ ಟೈಲರ್ ರಾಜರ್ಸ್, ಡೋವಲ್, ಯಾಸ್ಟ್ರೆಮ್‌ಸ್ಕಿ ಮೂವರನ್ನೂ ಮಾರಿ ಪಾತ್ರೆ ಪಗಡ ಖಾಲಿ ಮಾಡಿದರು.

ಅಪ್ಪ ವಾಪಸ್ ಹೋಗುವಾಗ ಒಂದು ಜೈಂಟ್ಸ್ ಟೋಪಿ ಕೊಟ್ಟು ಕಳಿಸಿದ್ದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗಿಗೆ ಅದನ್ನೇ ಹಾಕಿಕೊಂಡು ಹೋಗುತ್ತಾರೆ. ಮೊನ್ನೆ ಯಾರೋ "ಇದ್ಯಾವ ಕಂಪನಿ ಸಾರ್?" ಅಂತ ಕೇಳಿದರಂತೆ.

"ಕಂಪನಿ ಅಲ್ಲ ಸ್ವಾಮಿ, ನನ್ ಮಗನ ಟೀಮು. ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಬಿಸಿಲಿಗೆ ಚೆನ್ನಾಗಿದೆ."