ಶುಂಠಿ, ಅರಸಿನ ನೆಡಲು ಯಂತ್ರ ಬೇಕಾ?

ಪರ: ಬೆನ್ನು ಬಗ್ಗಿಸಿದ್ದು ಸಾಕು

ಮೊದಲು ಲೆಕ್ಕ ನೋಡಿ. ಎಕರೆಗೆ 600 ಕಿಲೋ ಬಿತ್ತನೆ ಶುಂಠಿ ಹಿಡಿಯಿರಿ. ತುಂಡಿಗೆ 25 ಗ್ರಾಂ. ಅಂದರೆ 24 ಸಾವಿರ ತುಂಡು. ಅಷ್ಟನ್ನೂ ಒಂದೊಂದಾಗಿ, ಬಗ್ಗಿಕೊಂಡೇ ಗುಂಡಿಗೆ ಇಡಬೇಕು. ಇಡುವವರು ಯಾರು? ನಮ್ಮ ಹೆಬ್ರಿ ಕಡೆ ಹೆಚ್ಚಾಗಿ ಹೆಂಗಸರೇ.

ನಮ್ಮ ಅಮ್ಮ ಒಂದು ಮಡಿ ಮುಗಿದರೂ ಎದ್ದು ನಿಲ್ಲುತ್ತಿರಲಿಲ್ಲ. ನಿಂತರೆ ಮತ್ತೆ ಬಗ್ಗಲಿಕ್ಕೆ ಆಗುವುದಿಲ್ಲ ಅಂತ ಕೂತಲ್ಲಿಂದಲೇ ಪಕ್ಕದ ಮಡಿಗೆ ಜರುಗುತ್ತಿದ್ದರು. ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕುವುದು ನನ್ನ ಕೆಲಸ. ಈಗ ಅವರಿಗೆ ಚಾಪೆಯಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಕೈಯಿಂದ ನೆಟ್ಟರೇ ಬೆಳೆ ಚೆಂದ ಎನ್ನುವವರು ಒಂದು ದಿನ ಮಡಿಯಲ್ಲಿ ಕೂತು ನೋಡಲಿ.

ಜನ ಸಿಗುವುದೂ ಕಷ್ಟ. ಏಪ್ರಿಲ್-ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ, ಮುಂಗಾರು ಜೋರಾಗುವ ಮೊದಲು ನೆಟ್ಟಾಗಬೇಕು. ಅದೇ ಹೊತ್ತಿಗೆ ಮದುವೆ, ಕೋಲ. ಘಟ್ಟದ ಮೇಲಿನಿಂದ ಬಂದವರು ತಮ್ಮ ಬಿತ್ತನೆಗೆ ಊರಿಗೆ ಹೊರಡುತ್ತಾರೆ.

ಭತ್ತದ ನಾಟಿ ಯಂತ್ರ ಬಂದಾಗಲೂ ನಮ್ಮ ಗದ್ದೆಗೆ ಅದು ಆಗುವುದಿಲ್ಲ ಎಂದೇ ಹೇಳಿದ್ದರು. ಈಗ ಮಳೆಗಾಲ ಬಂತೆಂದರೆ ಅದಕ್ಕೇ ಫೋನು ಮಾಡಿ ಕಾಯುತ್ತಾರೆ. ಗೆಡ್ಡೆ ನೆಡುವ ಯಂತ್ರವೂ ಇದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದರೆ ಸಾಲು ತೆಗೆದು, ತುಂಡು ಬೀಳಿಸಿ, ಮಣ್ಣು ಮುಚ್ಚುತ್ತದೆ. ನಮಗೆ ಬೇಕಾದದ್ದು ಟಿಲ್ಲರಿಗೆ ಕಟ್ಟುವಂಥ ಸಣ್ಣದು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಅದು ಬಾಡಿಗೆಗೆ ಸಿಗಬೇಕು. ಮಣ್ಣು ಹಾಳಾಗುತ್ತದೆ ಎನ್ನುವವರೂ ಟಿಲ್ಲರ್ ಬಿಟ್ಟು ಎತ್ತು ಕಟ್ಟಿಲ್ಲ, ಅಲ್ವಾ?

ವಿರೋಧ: ನಮ್ಮ ತೋಟದೊಳಗೆ ಅದು ತಿರುಗುವುದಿಲ್ಲ

ವಿರೋಧದ ಕಡೆ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬಯಲಲ್ಲಿ ಎಕರೆಗಟ್ಟಲೆ ಶುಂಠಿ ಹಾಕುವವರಿಗೆ ಯಂತ್ರ ಬೇಡ ಎನ್ನಲಾರೆ. ನನ್ನ ಮಾತು ಬಂಟ್ವಾಳ, ಬೆಳ್ತಂಗಡಿ ಕಡೆಯ ತೋಟಗಳದ್ದು. ಅಡಿಕೆ ಮರಗಳ ನಡುವೆ ಸುಮಾರು 9 ಅಡಿ ಜಾಗ, ಅದರಲ್ಲೂ ನೀರು ಹರಿದುಹೋಗುವ ಕಣಿ. ಅಡಿಕೆ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಯಂತ್ರದ ಗುಳ ಅದನ್ನು ಕಡಿಯುತ್ತದೆ.

ಇನ್ನು ಶುಂಠಿಯ ಗೆಡ್ಡೆ ಕೊಳೆಯುವ ರೋಗ. ಅದು ಬಿತ್ತನೆ ಗೆಡ್ಡೆಯ ಜೊತೆಗೇ ಬರಬಹುದು. ಕೈಯಲ್ಲಿ ನೆಡುವವರು ತುಂಡನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಬಿಸಾಡುತ್ತಾರೆ, ಮೊಳಕೆ ಬರುವ ಕಣ್ಣಿಲ್ಲದಿದ್ದರೂ ಬಿಸಾಡುತ್ತಾರೆ. ಯಂತ್ರ ಎಲ್ಲವನ್ನೂ ನೆಡುತ್ತದೆ. ನಮ್ಮ ಮಳೆಗೆ ರೋಗ ನೀರಿನ ಜೊತೆ ಮಡಿಯಿಂದ ಮಡಿಗೆ ಹರಿಯುತ್ತದೆ.

ಬೆನ್ನುನೋವು ನಿಜ. ಆದರೆ ನೆಟ್ಟ ಮೇಲೆ ಸೊಪ್ಪು ಹೊದಿಸುವುದು, ಕಳೆ ತೆಗೆಯುವುದು, ಕೊನೆಗೆ ಗೆಡ್ಡೆ ಅಗೆಯುವುದು ಇದ್ದೇ ಇದೆ. ದುಡ್ಡು ಹಾಕುವುದಾದರೆ ಟ್ರೇ ಸಸಿಗೆ ಹಾಕಲಿ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಒಂದೇ ಕಣ್ಣಿನ, ಸುಮಾರು 5 ಗ್ರಾಂ ತುಂಡನ್ನು ಟ್ರೇಯಲ್ಲಿ ಬೆಳೆಸಿ ನೆಡುವ ಕ್ರಮ ತೋರಿಸಿಕೊಟ್ಟಿದೆ. ಬಿತ್ತನೆ ಶುಂಠಿ ತುಂಬಾ ಉಳಿಯುತ್ತದೆ. ಮೊಳೆಯದ್ದು ತೋಟಕ್ಕೆ ಬರುವುದೇ ಇಲ್ಲ. ಟ್ರೇ ತುಂಬಿಸುವ ಕೆಲಸವನ್ನು ಮೇಜಿನ ಮೇಲೆ, ನೆರಳಲ್ಲಿ ನಿಂತುಕೊಂಡೇ ಮಾಡಬಹುದು.