ಸತ್ಯಾಂಶ: ಉಪ್ಪುನೀರಲ್ಲಿ ನೆನೆಸಿದರೆ ಆರ್‌ಒ ಫಿಲ್ಟರ್ ಹೊಸದಾಗುತ್ತದೆಯೇ?

"ಹಳೇ ಆರ್‌ಒ ಫಿಲ್ಟರ್‌ಗಳನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿ, ಹೊಸದಾಗುತ್ತವೆ." ಕಲಬುರಗಿಯ ವಾಟ್ಸಾಪ್ ಗುಂಪಿಗೆ ಬಂದ ಈ ಫಾರ್ವರ್ಡ್ ತಪ್ಪು.

ಬಹುಶಃ ಇದು ಸಾಫ್ಟ್‌ನರ್‌ನಿಂದ ಹುಟ್ಟಿದ ಗೊಂದಲ. ಬೋರ್‌ವೆಲ್ ನೀರಿನ ಗಡಸುತನ ತೆಗೆಯುವ ಆ ಯಂತ್ರದಲ್ಲಿ ರೆಸಿನ್ ಮಣಿಗಳಿರುತ್ತವೆ. ಉಪ್ಪುನೀರು ಹಾಯಿಸಿದಾಗ ಅವು ಹಿಡಿದಿಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಹೋಗಿ ಸೋಡಿಯಂ ಆ ಜಾಗಕ್ಕೆ ಬರುತ್ತದೆ. ಅಲ್ಲಿ ಉಪ್ಪು ಬೇಕೇ ಬೇಕು.

ಆರ್‌ಒ ಕತೆಯೇ ಬೇರೆ. ಮೊದಲ ಫಿಲ್ಟರ್‌ನಲ್ಲಿ ಕೂರುವುದು ಕೆಸರು. ಉಪ್ಪಿಗೆ ಅದು ಕರಗುವುದಿಲ್ಲ. ಕಾರ್ಬನ್ ಫಿಲ್ಟರ್ ಸವೆದ ಮೇಲೆ ಬದಲಿಸಲೇಬೇಕು. ಇಲ್ಲವಾದರೆ ನಲ್ಲಿ ನೀರಿನ ಕ್ಲೋರಿನ್ ಮೆಂಬ್ರೇನ್ (ಕರಗಿದ ಲವಣ ತಡೆಯುವ ತೆಳು ಪೊರೆ) ಕೆಡಿಸುತ್ತದೆ. ಜಾಸ್ತಿ ದುಡ್ಡಿನ ಭಾಗ ಅದೇ ಅಲ್ವಾ? ಹಾಗಂತ ಅದನ್ನು ತೊಳೆಯಲು ಬಾತ್‌ರೂಮ್ ಆಸಿಡ್ ಅಂತೂ ಸುರಿಯಬೇಡಿ.

ನೀರು ಸಣ್ಣಗೆ ಬಂದರೆ ಮೊದಲು ಕೆಸರಿನ ಫಿಲ್ಟರ್ ನೋಡಿ. ಶುದ್ಧ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಏರುತ್ತಲೇ ಇದ್ದರೆ ಮೆಂಬ್ರೇನ್ ಪರೀಕ್ಷೆ ಮಾಡಿಸಿ.