ಹದಿನೈದು ಸುತ್ತಿನ ಹ್ಯಾಗ್ಲರ್

ಹೋದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಜಿಮ್ ಹುಚ್ಚು ಇರುವ ಹುಡುಗ. ಫೋನಿನಲ್ಲಿ ಯಾವುದೋ ಬಾಕ್ಸಿಂಗ್ ಪಂದ್ಯ ನೋಡುತ್ತಾ ಕೂತಿದ್ದವನು ತಲೆ ಎತ್ತಿ, "ಮಾವ, ನಿಮ್ಮ ಹ್ಯಾಗ್ಲರ್ ಈಗ ಇದ್ದಿದ್ರೆ ಒಂದು ಚಾಂಪಿಯನ್ ಬೆಲ್ಟೂ ಸಿಗ್ತಿರ್ಲಿಲ್ಲ ಬಿಡಿ. ಈಗಿನವರ ಎತ್ತರ ನೋಡಿ, ಮೈಕಟ್ಟು ನೋಡಿ" ಅಂದ. ಅಷ್ಟರಲ್ಲಿ ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ನನ್ನ ಮನಸ್ಸಿನಲ್ಲಿ ಮಾತ್ರ ನಿಲ್ಲಲಿಲ್ಲ. ಅವನಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ವಿನ್ ಹ್ಯಾಗ್ಲರ್ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದವನು, ಹುಟ್ಟಿದ್ದು 1954ರಲ್ಲಿ ನ್ಯೂವಾರ್ಕ್‌ನಲ್ಲಿ. ಅಲ್ಲಿ 1967ರ ಗಲಭೆಯಾದ ಮೇಲೆ ಅವನ ಕುಟುಂಬ ಬ್ರಾಕ್ಟನ್ ಊರಿಗೆ ಹೋಯಿತು. ಅಲ್ಲಿ ಪೆಟ್ರೊನೆಲ್ಲಿ ಅಣ್ಣತಮ್ಮಂದಿರ ಜಿಮ್ ಸೇರಿದ. ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಬೋಳು ತಲೆ, ಎಡಗೈ ಆಟ, ಮಿಡಲ್‌ವೇಟ್. ಅಂದರೆ 160 ಪೌಂಡ್, ನಮ್ಮ ಲೆಕ್ಕದಲ್ಲಿ ಎಪ್ಪತ್ತೆರಡೂವರೆ ಕೆಜಿ. 1980ರಿಂದ 1987ರವರೆಗೆ ಚಾಂಪಿಯನ್. 12 ಸಲ ಪಟ್ಟ ಉಳಿಸಿಕೊಂಡ. ಒಟ್ಟು 67 ಪಂದ್ಯ, 62 ಗೆಲುವು, ಅದರಲ್ಲಿ 52 ನಾಕೌಟ್.

ಹುಡುಗ ಹೇಳಿದ್ದರಲ್ಲಿ ನಿಜ ಇಲ್ಲ ಅಂತಲ್ಲ. ಹ್ಯಾಗ್ಲರ್ ಆರಡಿ ಇರಲಿಲ್ಲ. ಈಗ ಅದೇ ತೂಕದಲ್ಲಿ ಆಡಿದ ಹಮ್ಜಾ ಶಿರಾಜ್ ಆರಡಿಗಿಂತ ಎಷ್ಟೋ ಎತ್ತರ. ಇನ್ನೊಂದು ವಿಷಯವೂ ಇದೆ. ಹಿಂದೆಲ್ಲ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನವೇ ನೋಡಿ ಮುಗಿಸುತ್ತಾರೆ. ಮೈಯಲ್ಲಿರುವ ನೀರು ಇಳಿಸಿ ಹೇಗೋ 160ಕ್ಕೆ ಬಂದು ನಿಲ್ಲುತ್ತಾರೆ. ಆಮೇಲೆ ಒಂದಿಡೀ ದಿನ ತಿಂದು ಕುಡಿದು, ಇಳಿಸಿದ ತೂಕ ಮತ್ತೆ ಏರಿಸಿಕೊಂಡು ರಿಂಗಿಗೆ ಬರುತ್ತಾರೆ. ಈಗಿನ ನಿಯಮದಲ್ಲಿ ಈಗಿನವರ ಎದುರು ಆಡಿದರೆ ಹ್ಯಾಗ್ಲರ್ ಮೈತೂಕದಲ್ಲಿ ಸಣ್ಣವನೇ ಆಗುತ್ತಿದ್ದ. ಒಪ್ಪುತ್ತೇನೆ.

ಆದರೆ ಎತ್ತರ, ತೂಕ ಬಿಟ್ಟು ಬೇರೆ ಲೆಕ್ಕವೂ ಇದೆಯಲ್ವಾ? ಬೆಲ್ಟ್ ಸಿಗುವ ಮೊದಲು ಹ್ಯಾಗ್ಲರ್ ಎಷ್ಟು ಪಂದ್ಯ ಆಡಿದ್ದ ಗೊತ್ತಾ? ಐವತ್ತಕ್ಕೂ ಜಾಸ್ತಿ. ಆರು ವರ್ಷಕ್ಕೂ ಜಾಸ್ತಿ ಯಾರೂ ಅವನಿಗೆ ಪಟ್ಟದ ಪಂದ್ಯ ಕೊಡಲಿಲ್ಲ. ಆಗ ಫಿಲಡೆಲ್ಫಿಯಾ ಅಂದರೆ ಮಿಡಲ್‌ವೇಟ್‌ನವರ ಗರಡಿ. ಅಲ್ಲಿಗೇ ಹೋಗಿ ಅಲ್ಲಿಯವರ ಜೊತೆಯೇ ಆಡಿದ. 1976ರಲ್ಲಿ ಬಾಬಿ ವಾಟ್ಸ್ ಕೈಯಲ್ಲಿ ಸೋತ, ಎರಡು ತಿಂಗಳಿಗೆ ವಿಲ್ಲಿ ಮನ್ರೋ ಕೈಯಲ್ಲೂ ಸೋತ. ಆಮೇಲೆ ಮನ್ರೋನನ್ನು ಎರಡು ಸಲ ಸೋಲಿಸಿದ, ವಾಟ್ಸ್‌ನನ್ನು ಎರಡೇ ಸುತ್ತಿಗೆ ಮುಗಿಸಿದ. 1979ರಲ್ಲಿ ಕೊನೆಗೂ ಪಟ್ಟದ ಪಂದ್ಯ ಸಿಕ್ಕಿತು, ವಿಟೊ ಆಂಟುಫರ್ಮೊ ಎದುರು. 15 ಸುತ್ತು ಆಡಿದ ಮೇಲೆ ಡ್ರಾ ಅಂದರು. ಬೆಲ್ಟ್ ಆ ಕಡೆಯೇ ಉಳಿಯಿತು.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ, ಅಷ್ಟರಲ್ಲಿ ಚಾಂಪಿಯನ್ ಆಗಿದ್ದ ಬ್ರಿಟನ್ನಿನ ಅಲನ್ ಮಿಂಟರ್‌ನ ಮುಖವನ್ನು ಮೂರೇ ಸುತ್ತಿನಲ್ಲಿ ಸೀಳಿಹಾಕಿದ. ರೆಫರಿ ಪಂದ್ಯ ನಿಲ್ಲಿಸಿದರು. ಅಷ್ಟು ವರ್ಷ ಕಾದ ಗಳಿಗೆ ಬಂತು, ಆಗ ಏನಾಯಿತು? ಜನ ಬಿಯರ್ ಬಾಟಲಿ ಎಸೆಯಲು ಶುರು ಮಾಡಿದರು. ಪೆಟ್ರೊನೆಲ್ಲಿ ಕಡೆಯವರು ಅವನನ್ನು ರಿಂಗಿನ ನೆಲದ ಮೇಲೆ ಕೂರಿಸಿ, ತಾವೇ ಅವನ ಮೇಲೆ ಬಿದ್ದು ಕಾಪಾಡಿದರು. ಕೈಯಲ್ಲಿ ಬೆಲ್ಟ್ ಹಿಡಿಯುವ ಮೊದಲೇ ಪೊಲೀಸರು ಸುತ್ತುವರಿದು ಹೊರಗೆ ಕರೆದುಕೊಂಡು ಹೋದರು. ಆ ವಿಡಿಯೋ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಹೇಗಿದೆ ನೋಡಿ. ಕಜಾಕಿಸ್ತಾನದ ಜಾನಿಬೆಕ್ ಅಲಿಮ್‌ಖಾನುಲಿ 20 ಪಂದ್ಯ ಆಡುವ ಮೊದಲೇ ಎರಡು ಬೆಲ್ಟ್ ಗೆದ್ದ. ಒಳ್ಳೆಯ ಬಾಕ್ಸರ್, ಅನುಮಾನವೇ ಬೇಡ. ಅಮೆಚೂರ್‌ನಲ್ಲೇ ವಿಶ್ವ ಚಾಂಪಿಯನ್ ಆಗಿದ್ದವನು. ಕ್ಯೂಬಾ ಮೂಲದ ಎರಿಸ್‌ಲ್ಯಾಂಡಿ ಲಾರಾ 40 ದಾಟಿದ ಮೇಲೂ ಒಂದು ಬೆಲ್ಟ್ ಇಟ್ಟುಕೊಂಡಿದ್ದ. ಡೊಮಿನಿಕನ್ ಗಣರಾಜ್ಯದ ಕಾರ್ಲೋಸ್ ಅಡಾಮೆಸ್ ಹತ್ತಿರ ಇನ್ನೊಂದು. 2025ರ ಫೆಬ್ರವರಿಯಲ್ಲಿ ರಿಯಾದ್‌ನಲ್ಲಿ ಅಡಾಮೆಸ್, ಶಿರಾಜ್ ಆಡಿದರು, ಡ್ರಾ ಆಯಿತು. ಪಟ್ಟ ಕೊಡುವ ಸಂಸ್ಥೆ ನಾಲ್ಕು, ಬೆಲ್ಟ್ ನಾಲ್ಕು. 2005ರಲ್ಲಿ ಜೆರ್ಮೇನ್ ಟೇಲರ್ ಕೈಯಲ್ಲಿ ಎಲ್ಲ ಬೆಲ್ಟೂ ಇದ್ದವು. ಅದಾಗಿ ಇಪ್ಪತ್ತು ವರ್ಷವಾದರೂ ಈ ತೂಕದಲ್ಲಿ ಇನ್ನೊಬ್ಬ ಅಷ್ಟನ್ನೂ ಒಟ್ಟು ಮಾಡಲಿಲ್ಲ. ಈ ಹುಡುಗರಲ್ಲಿ ತಾಕತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಒಬ್ಬರಿಗೊಬ್ಬರು ಎದುರಾಗುವುದೇ ಕಡಿಮೆ. ಏಟು ತಿಂದು, ಸೋತು, ಮತ್ತೆ ಸೋಲಿಸಿದವನನ್ನೇ ಹುಡುಕಿಕೊಂಡು ಹೋಗಿ ಗೆಲ್ಲುವ ಅವಕಾಶವೇ ಇವರಿಗೆ ಸಿಗುವುದಿಲ್ಲ.

ಹ್ಯಾಗ್ಲರ್ ಅಂದರೆ ಎಲ್ಲರೂ 1985ರ ಏಪ್ರಿಲ್ 15 ನೆನೆಯುತ್ತಾರೆ. ಎದುರಿಗೆ ಟಾಮಿ ಹರ್ನ್ಸ್, ಆರಡಿ ಒಂದಂಗುಲ, ಉದ್ದನೆಯ ಕೈ. ಎತ್ತರದ ಮಾತು ಆಡುವವರು ಮೊದಲು ಇದನ್ನು ನೋಡಬೇಕು. ನಿಧಾನಕ್ಕೆ ಶುರು ಮಾಡುವ ಹ್ಯಾಗ್ಲರ್ ಅವತ್ತು ಗಂಟೆ ಹೊಡೆದ ತಕ್ಷಣ ನುಗ್ಗಿದ. ಹರ್ನ್ಸ್‌ನ ಬಲಗೈ ಏಟು ಬಿತ್ತು, ಹ್ಯಾಗ್ಲರ್ ಅಲುಗಾಡಿದ, ಆದರೆ ಹಿಂದೆ ಸರಿಯಲಿಲ್ಲ. ಮೊದಲ ಸುತ್ತಿನಲ್ಲೇ ಹರ್ನ್ಸ್‌ನ ಬಲಗೈ ಮೂಳೆ ಮುರಿಯಿತು, ಹ್ಯಾಗ್ಲರ್‌ನ ಹಣೆ ಒಡೆಯಿತು. ಮೂರನೇ ಸುತ್ತಿನಲ್ಲಿ ರೆಫರಿ ರಿಚರ್ಡ್ ಸ್ಟೀಲ್ ಆಟ ನಿಲ್ಲಿಸಿ ಡಾಕ್ಟರ್‌ಗೆ ಗಾಯ ತೋರಿಸಿದರು. ಮುಖವೆಲ್ಲ ರಕ್ತ. ಆಡಲಿ ಅಂದರು ಡಾಕ್ಟರ್. ಇನ್ನೊಂದು ಸಲ ನಿಲ್ಲಿಸಿದರೆ ಪಂದ್ಯ ಕೈಬಿಟ್ಟು ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಅಟ್ಟಿಸಿಕೊಂಡು ಹೋಗಿ ಬಲಗೈಯಲ್ಲಿ ಹೊಡೆದ. ಹರ್ನ್ಸ್ ಬಿದ್ದ. ಎಲ್ಲ ಸೇರಿ ಸುಮಾರು ಎಂಟು ನಿಮಿಷದ ಆಟ.

ನನಗೆ ಅದಕ್ಕಿಂತ ದೊಡ್ಡ ಪಂದ್ಯ 1983ರ ನವೆಂಬರ್‌ನದು, ರಾಬರ್ಟೊ ಡುರಾನ್ ಜೊತೆಗಿನದು. ಅದನ್ನು ತುಣುಕು ತುಣುಕಾಗಿ ನೋಡಿದರೆ ಏನೂ ಸಿಗುವುದಿಲ್ಲ. ಪೂರ್ತಿ ನೋಡಬೇಕು. ಡುರಾನ್ ಹಗುರ ತೂಕದಿಂದ ಮೇಲೆ ಬಂದವನು, ಆದರೆ ಎಂಥ ಚಾಲಾಕಿ! ಹ್ಯಾಗ್ಲರ್ ಹೊಡೆಯಲು ಬಂದಾಗ ಭುಜ ತಿರುಗಿಸಿ ಜಾರಿಕೊಳ್ಳುತ್ತಾನೆ, ತಿರುಗಿ ಬಲಗೈ ಹಾಕುತ್ತಾನೆ. 13 ಸುತ್ತು ಮುಗಿದಾಗ ಇಬ್ಬರು ಜಡ್ಜ್‌ಗಳ ಲೆಕ್ಕದಲ್ಲಿ ಡುರಾನ್ ಒಂದು ಅಂಕ ಮುಂದೆ, ಮೂರನೆಯವರ ಲೆಕ್ಕದಲ್ಲಿ ಸಮ. ಹ್ಯಾಗ್ಲರ್‌ನ ಎಡಗಣ್ಣು ಊದಿಕೊಂಡಿತ್ತು. ಆ ಸ್ಥಿತಿಯಲ್ಲಿ 14, 15ನೇ ಸುತ್ತು ಎರಡನ್ನೂ ಗೆದ್ದ. ಆ ಎರಡು ಸುತ್ತಿನಲ್ಲಿ ಅವನ ಕಾಲು ನೋಡಿ. ಆಗ ತಾನೇ ಆಟ ಶುರುವಾದ ಹಾಗಿದೆ. ಕೇಪ್ ಕಾಡ್‌ನ ಮರಳುದಿಬ್ಬಗಳ ಮೇಲೆ, ಚಳಿಯಲ್ಲಿ, ಮಿಲಿಟರಿ ಬೂಟು ಹಾಕಿಕೊಂಡು ಓಡುತ್ತಿದ್ದ ಕಾಲು ಅದು.

ಅದು ಈಗಿನ ಹಾಗೆ 12 ಸುತ್ತಿನ ಪಂದ್ಯ ಆಗಿದ್ದರೆ? 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಏಟು ತಿಂದು ಸತ್ತ ಮೇಲೆ ಸುತ್ತು ಕಡಿಮೆ ಮಾಡಿದರು. ಒಂದು ಜೀವ ಹೋದ ಮೇಲೆ ಆದ ಬದಲಾವಣೆ, ಅದನ್ನು ತಪ್ಪು ಅನ್ನಲಾರೆ. ಆದರೆ ಹ್ಯಾಗ್ಲರ್ ಬೆಳೆದದ್ದೇ 15 ಸುತ್ತಿಗೆ. 1987ರಲ್ಲಿ ಶುಗರ್ ರೇ ಲೆನಾರ್ಡ್ ಜೊತೆ 12 ಸುತ್ತಿಗೆ ಒಪ್ಪಿಕೊಂಡ. ಮೊದಲ ಕೆಲವು ಸುತ್ತು ಎಡಗೈ ಆಟ ಬಿಟ್ಟು ಬಲಗೈಯವನ ಹಾಗೆ ನಿಂತು ಆಡಿದ. ಅವನ ದೊಡ್ಡ ತಪ್ಪು ಅದು, ಅವನ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ. ಕೊನೆಗೆ ಇಬ್ಬರು ಜಡ್ಜ್ ಲೆನಾರ್ಡ್ ಕಡೆ, ಒಬ್ಬರು ಇವನ ಕಡೆ. ಲೆನಾರ್ಡ್‌ಗೆ ಕೊಟ್ಟ ಒಂದು ಅಂಕಪಟ್ಟಿ 118-110, ಅಂದರೆ 12ರಲ್ಲಿ ಹತ್ತು ಸುತ್ತು ಅವನಿಗೆ, ಎರಡೇ ಹ್ಯಾಗ್ಲರ್‌ಗೆ. ಲೆನಾರ್ಡ್ ಗೆದ್ದ ಅನ್ನುವವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆ 118-110 ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. ಅದಾದ ಮೇಲೆ ಹ್ಯಾಗ್ಲರ್ ಮತ್ತೆಂದೂ ಗ್ಲೌಸ್ ಹಾಕಲಿಲ್ಲ. ಇಟಲಿಗೆ ಹೋಗಿ ನೆಲೆಸಿದ. 2021ರ ಮಾರ್ಚ್‌ನಲ್ಲಿ ತೀರಿಕೊಂಡ.

ಈಚಿನ ಕಾಲದಲ್ಲಿ ಹ್ಯಾಗ್ಲರ್ ಎದುರು ನಿಲ್ಲಬಲ್ಲ ಮಿಡಲ್‌ವೇಟ್ ನನ್ನ ಕಣ್ಣಿಗೆ ಒಬ್ಬನೇ, ಗೆನ್ನಾಡಿ ಗೊಲೊವ್‌ಕಿನ್. ಮುಂದಿನ ಕೈಯಿಂದ ನೇರವಾಗಿ ಚುಚ್ಚುವ ಆ ಜ್ಯಾಬ್ ಏಟು, ಆ ಗಟ್ಟಿ ದವಡೆ. 2017ರಲ್ಲಿ ಕನೆಲೊ ಅಲ್ವಾರೆಜ್ ಜೊತೆ ಅವನು ಗೆದ್ದ ಅಂತ ನಾನು ಅಂದುಕೊಂಡ ಪಂದ್ಯವನ್ನು ಡ್ರಾ ಮಾಡಿದರು. ಅವತ್ತೂ ಒಬ್ಬರು ಜಡ್ಜ್ ಕನೆಲೊಗೆ ಕೊಟ್ಟದ್ದು 118-110. ಮೂವತ್ತು ವರ್ಷದ ಮೇಲೆ ಅದೇ ಅಂಕ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅಕ್ಕನ ಮಗನಿಗೆ ನನ್ನ ಉತ್ತರ. ಅಡಾಮೆಸ್, ಲಾರಾ ಇಬ್ಬರನ್ನೂ ಹ್ಯಾಗ್ಲರ್ ಹತ್ತನೇ ಸುತ್ತಿನೊಳಗೆ ಮುಗಿಸುತ್ತಾನೆ. ಶಿರಾಜ್‌ನ ಎತ್ತರ ನಾಲ್ಕೈದು ಸುತ್ತು ಕಾಡಬಹುದು, ಆಮೇಲೆ ಹೊಟ್ಟೆಗೆ ಬೀಳುವ ಏಟು ತಡೆಯಲು ಆಗುವುದಿಲ್ಲ. ಜಾನಿಬೆಕ್ ಕೂಡ ಎಡಗೈಯವನು, ಅಂಕಗಳ ಮೇಲೆ ಸೋಲುತ್ತಾನೆ. ಗೊಲೊವ್‌ಕಿನ್ ಜೊತೆ 15 ಸುತ್ತಾದರೆ ಹ್ಯಾಗ್ಲರ್ ಎರಡು ಅಂಕದಿಂದ ಗೆಲ್ಲುತ್ತಾನೆ, ಕೊನೆಯ ಎರಡು ಸುತ್ತಿನಲ್ಲಿ. 12 ಸುತ್ತಾದರೆ ಅಷ್ಟು ಧೈರ್ಯವಾಗಿ ಹೇಳಲಾರೆ.